ನಲವತ್ತೊಂದನೆಯ ಉಸಿರು

"ಇವತ್ತು ಕಡಿಮೆ."

ಮೂಗಿನ ಡಾಕ್ಟರ್ ಪ್ಯಾಸ್ಕೋ ಆ ಎರಡು ಮಾತನ್ನು ಮೂರನೆಯ ಸಲ ಓದಿದ. ಜನವರಿ ಹನ್ನೆರಡು, ಬೆಳಗಿನ ಸಾಲು. ಊದಿದ ಅಂಕಿ ನಾನೂರ ನಲವತ್ತು. ಅದರ ಪಕ್ಕ, 'ಇಂದು ಮೂಗಿಗೆ ಯಾವ ವಾಸನೆ ಬಂತು?' ಎಂದು ಅಚ್ಚು ಮಾಡಿದ್ದ ಅಂಕಣದಲ್ಲಿ, ಸೀಸದಕಡ್ಡಿ ಒತ್ತಿ ಬರೆದ ಅಕ್ಷರ: ಕೆಂಪು ಕೋಟಿನ ಕೊರಳುಪಟ್ಟಿ. ಇವತ್ತು ಕಡಿಮೆ.

ಹದಿನೆಂಟಕ್ಕೆ: ಅದೇ ಕೋಟು. ಹುಡುಕಬೇಕಾಯಿತು.

ಇಪ್ಪತ್ತೆರಡಕ್ಕೆ: ದಿಂಬು. ಇಲ್ಲ.

ಅಂಕಿ ಮಾತ್ರ ಅಲ್ಲಾಡಿರಲಿಲ್ಲ. ನಾನೂರ ಮೂವತ್ತು, ನಾನೂರ ನಲವತ್ತು, ಮತ್ತೆ ನಾನೂರ ನಲವತ್ತು. ನೆಟ್ಟ ಕಂಬದ ಹಾಗೆ ನಿಂತಿತ್ತು. ಅವನಿಗೆ ಬಗೆಹರಿಯದ್ದು ಅದೇ. ಮೂಗೂ ಎದೆಯೂ ಒಂದೇ ದಾರಿಯ ಎರಡು ಬಾಗಿಲು, ಒಂದು ಮುಚ್ಚಿದರೆ ಇನ್ನೊಂದು ಬಿಗಿಯಲೇಬೇಕು ಎಂದು ಅವನು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದ. ಈ ಹೆಂಗಸಿನ ಮೂಗು ಮುಚ್ಚುತ್ತಿತ್ತು. ಎದೆ ಮಾತು ಕೇಳುತ್ತಿರಲಿಲ್ಲ.

"ಇನ್ನೂ ಅವಳ ಹತ್ರಾನೇ ಕೂತಿದ್ದೀರಾ?"

ಬಾಗಿಲಲ್ಲಿ ಗ್ವೆಂಡಾ. ಔಷಧದ ಪರೀಕ್ಷೆಯ ಕಾಗದಪತ್ರವೆಲ್ಲ ನೋಡಿಕೊಳ್ಳುವ ನರ್ಸು. ಪ್ಯಾಸ್ಕೋಗಿಂತ ಆರು ವರ್ಷ ದೊಡ್ಡವಳು. ಅದನ್ನು ಅವನು ಮರೆಯದ ಹಾಗೆ ನೋಡಿಕೊಂಡಿದ್ದಳು.

"ವಾಸನೆ ಇಳೀತಾ ಇದೆ," ಎಂದ.

"ಇಳೀಲಿ ಬಿಡಿ. ಫ್ರಿಜ್ಜಿನಲ್ಲಿರೋ ನಿಮ್ಮ ಮೀನಿನ ಡಬ್ಬಿ ತೆಗೆದಾಗೆಲ್ಲ ನನಗೂ ಇಳೀಬಾರದಾ ಅನ್ಸುತ್ತೆ."

"ಸೋಮವಾರ ಕೇಳ್ತಾರೆ, ಗ್ವೆಂಡಾ."

"ಕೇಳ್ಲಿ. ಐದಡಿ ಹೆಂಗಸು ಗಂಡಸಿನ ಹಾಗೆ ಊದೋದನ್ನೇ ಕೇಳದಿದ್ದೋರು, ಕೋಟಿನ ಕೊರಳುಪಟ್ಟಿ ಕೇಳ್ತಾರಾ?"

ಆ ಮಾತನ್ನು ಗ್ವೆಂಡಾ ನವೆಂಬರಿನ ಪುಸ್ತಕ ಬಂದಾಗಲೂ ಆಡಿದ್ದಳು. ಆಗ ಅವನು ನಕ್ಕು, "ಅದು ನಮ್ಮ ಕಡೆ ಜನ. ಏಳನೇ ವಯಸ್ಸಿಂದ ಚಾಪೆಲ್ಲಿನ ಪ್ರಾರ್ಥನೆಯಲ್ಲಿ ನಿಂತು ಹಾಡಿದವರು. ಎದೆ ಅನ್ನೋದು ಕಮ್ಮಾರನ ತಿದಿ ಇದ್ದ ಹಾಗೆ," ಎಂದಿದ್ದ. ಅವನು ಹುಟ್ಟಿದ್ದೂ ಆಕೆಯ ಸೀಮೆಯಲ್ಲೇ, ಮೂಂಟಾ ಎಂಬ ಊರಿನಲ್ಲಿ. ಗಣಿಗೆಂದು ಕಡಲಾಚೆಯ ಕಾರ್ನ್‌ವಾಲಿನಿಂದ ಬಂದು, ಗಣಿ ಮುಚ್ಚಿದ ಮೇಲೆ ಬಾರ್ಲಿ ಬಿತ್ತಿಕೊಂಡು ಉಳಿದ ಜನ. ಅವರು ಹಾಡುತ್ತಾರೆ ಎಂಬುದು ಇಲ್ಲಿ ಅಡಿಲೇಡಿನಲ್ಲೂ ಎಲ್ಲರಿಗೂ ಗೊತ್ತು. ಗ್ವೆಂಡಾ ಆ ಅಂಕಿಯ ಪಕ್ಕ ಸರಿ ಗುರುತು ಹಾಕಿದ್ದಳು.

ಪರೀಕ್ಷೆಯಲ್ಲಿ ಅರವತ್ತು ಜನ ಇದ್ದರು. ಎಲ್ಲರಿಗೂ ಅಸ್ತಮಾ, ಎಲ್ಲರ ಮೂಗಿನಲ್ಲೂ ದುರ್ಮಾಂಸ. ಅರ್ಧ ಜನಕ್ಕೆ ಮೂಗು ತೊಳೆಯಲು ಔಷಧ ಬೆರೆಸಿದ ಉಪ್ಪುನೀರು, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂಬುದು ಮೊಹರು ಹಾಕಿದ ಲಕೋಟೆಯೊಳಗೆ. ಬೆಳಗ್ಗೆ ಏಳಕ್ಕೆ, ಸಂಜೆ ಐದಕ್ಕೆ ಪ್ಲಾಸ್ಟಿಕ್ ಕೊಳವೆಯೊಂದನ್ನು ಜೋರಾಗಿ ಊದಿ, ಮುಳ್ಳು ಎಲ್ಲಿಗೆ ಹೋಯಿತೆಂದು ಪುಸ್ತಕದಲ್ಲಿ ಬರೆಯಬೇಕು. ವರ್ಷ ಪೂರ್ತಿ. ತಿಂಗಳಿಗೊಂದು ಪುಸ್ತಕ, ಟಪಾಲಿನಲ್ಲಿ.

ಐವತ್ತೊಂಬತ್ತು ಜನ ಸುಧಾರಿಸಿಯೂ ಇರಲಿಲ್ಲ, ಕೆಟ್ಟೂ ಇರಲಿಲ್ಲ. ನಲವತ್ತೊಂದನೆಯವಳು ಒಬ್ಬಳೇ ಎದ್ದು ನಿಂತಿದ್ದಳು. ಆಗಸ್ಟಿನಿಂದ ನವೆಂಬರ್‌ವರೆಗೆ ಇನ್ನೂರ ಮೂವತ್ತು, ಇನ್ನೂರ ನಲವತ್ತು. ವಾಸನೆಯ ಅಂಕಣದಲ್ಲಿ ಇಲ್ಲ, ಇಲ್ಲ, ಇಲ್ಲ. ನವೆಂಬರ್ ಮೊದಲ ವಾರದಲ್ಲಿ ಒಂದು ದಿನ ನೂರ ತೊಂಬತ್ತಕ್ಕೆ ಇಳಿದು, ನಾಲ್ಕು ದಿನ ಖಾಲಿ. ಐದನೆಯ ದಿನ ನಾನೂರ ಮೂವತ್ತು. ವಾಸನೆ: ಅಡುಗೆಮನೆಯ ಏಪ್ರನ್. ಚೆನ್ನಾಗಿ ಬರುತ್ತಿದೆ.

ಹನ್ನೊಂದು ವರ್ಷ ಏನನ್ನೂ ಮೂಸದಿದ್ದ ಹೆಂಗಸು ಏಪ್ರನ್ ಮೂಸಿದ್ದಳು. ಆ ಸಾಲನ್ನು ಅವನು ದೊಡ್ಡದು ಮಾಡಿಸಿ, ಡಿಸೆಂಬರಿನ ಸಭೆಯಲ್ಲಿ ಪರದೆಯ ಮೇಲೆ ತೋರಿಸಿದ್ದ. ಚಪ್ಪಾಳೆ ಬಿದ್ದಿತ್ತು. ಸೋಮವಾರ ಅದೇ ಸಾಲನ್ನು ಮೇಲಿನವರ ಮುಂದೆ ಇಡಬೇಕಿತ್ತು. ಅವರು ಅದನ್ನು ಒಪ್ಪಿದರೆ ಪರೀಕ್ಷೆ ಮುಂದುವರಿಯುತ್ತದೆ. ಇಲ್ಲದಿದ್ದರೆ ಐವತ್ತೊಂಬತ್ತು ಸಾಧಾರಣ ಮೂಗುಗಳನ್ನು ಕಟ್ಟಿಕೊಂಡು ಅವನು ಮನೆಗೆ ಹೋಗಬೇಕು.

"ಫೋನ್ ಮಾಡಿದ್ಯಾ?" ಎಂದು ಕೇಳಿದ.

"ಎರಡು ಸಲ. ಯಜಮಾನರೇ ಎತ್ತೋದು. 'ಫೋನಿಗೆ ಬರೋ ಹಾಗಿಲ್ಲ ಅವಳು' ಅಂತಾರೆ. ಹೇಗಿದ್ದಾರೆ ಅಂದ್ರೆ, 'ಹಾಗೇ ಇದ್ದಾಳೆ, ಈಗ ತೊಂದ್ರೆ ಏನಿಲ್ಲ' ಅಂತಾರೆ."

"ಡಿಸೆಂಬರಿನ ತಪಾಸಣೆಗೂ ಬರಲಿಲ್ಲ ಅಲ್ವಾ?"

"'ಅವಳಿಗೆ ಬರೋಕಾಗಲ್ಲ' ಅಂದ್ರು. ನಾನು 'ಕೊಯ್ಲು' ಅಂತ ಬರ್ಕೊಂಡೆ."

ಪ್ಯಾಸ್ಕೋ ಜನವರಿಯ ಪುಸ್ತಕವನ್ನೂ ಕಾರಿನ ಕೀಲಿಯನ್ನೂ ತೆಗೆದುಕೊಂಡ.

"ಆರು ಗಂಟೆಗೆ ಜನವರಿಯದಕ್ಕೆಲ್ಲ ಬೀಗ ಹಾಕ್ತೀನಿ," ಗ್ವೆಂಡಾ ಅಂದಳು. "ಅಲ್ಲೀವರೆಗೂ ಇಲ್ಲೇ ಇರ್ತೀನಿ. ಹಾಗೇ ಒಂದು ಡಜನ್ ಪೇಸ್ಟಿ, ಆ ಮಾಂಸದ ಕಡುಬು, ತನ್ನಿ, ಹೇಗೂ ನಿಮ್ಮೂರು."

*

ಎರಡು ಗಂಟೆಯ ದಾರಿ. ಕೊಯ್ಲು ಮುಗಿದ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಬಿಸಿಲಿಗೆ ರಸ್ತೆ ನೀರಿನಂತೆ ಹೊಳೆಯುತ್ತ, ಹತ್ತಿರ ಹೋದರೆ ರಸ್ತೆಯಾಗುತ್ತಿತ್ತು.

ದಾರಿಯಲ್ಲಿ ಅವನು ಆಕೆಯ ಮುಖ ನೆನಪಿಸಿಕೊಳ್ಳಲು ನೋಡಿದ. ಸಿಗಲಿಲ್ಲ. ನೋರೀನ್ ಪೆನ್‌ಹಾಲ್, ಅರವತ್ತೇಳು ವರ್ಷ, ಐದಡಿ ಒಂದಿಂಚು. ಆಗಸ್ಟಿನಲ್ಲಿ ಇಪ್ಪತ್ತು ನಿಮಿಷ ಅವನ ಎದುರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಮಾಡಿ ಕೂತಿದ್ದಳು. ಸಣ್ಣ ದೀಪದ ನಳಿಗೆ ಇಳಿಸಿ ನೋಡಿದ್ದ. ಅದು ಚೆನ್ನಾಗಿ ನೆನಪಿತ್ತು: ಎಡ ಹೊಳ್ಳೆಯಲ್ಲಿ ಮೂರು, ಬಲದಲ್ಲಿ ಎರಡು, ಸಿಪ್ಪೆ ಸುಲಿದ ದ್ರಾಕ್ಷಿಯ ಬಣ್ಣ, ನಡುಗೋಡೆ ಸ್ವಲ್ಪ ಬಲಕ್ಕೆ ವಾಲಿದ್ದು. ನೂರು ಮೂಗುಗಳ ನಡುವೆ ಇಟ್ಟರೂ ಆ ಮೂಗಿನ ಒಳಗನ್ನು ಅವನು ಗುರುತಿಸಬಲ್ಲ. ಹೊರಗೆ ಏನಿತ್ತು?

ಜೊತೆಯಲ್ಲಿ ಯಾರೋ ಗಂಡಸು ಇದ್ದ. ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಆಕೆಯ ಬೆರಳುಗಳಿಗೆ ವಾತ, ಸೀಸದಕಡ್ಡಿ ಹಿಡಿಯಲು ಆಗುವುದಿಲ್ಲ, ನಾನೇ ಬರೆಯುತ್ತೇನೆ ಎಂದಿದ್ದ. ಆಗಲಿ, ಬರೆಯುವವರು ಯಾರಾದರೇನು ಎಂದು ಪ್ಯಾಸ್ಕೋನೇ ಹೇಳಿದ್ದ.

ಕಡೀನಾ ಎಂಬ ಊರು ದಾಟಿ ಎಂಟು ಮೈಲಿಗೆ ಮಣ್ಣಿನ ದಾರಿ. ಕಲ್ಲಿನ ಮನೆ, ಸುತ್ತ ತಗಡಿನ ಜಗಲಿ. ಮುಂಬಾಗಿಲಿಗೆ ಯಾರೂ ಬರಲಿಲ್ಲ. ಆ ಕಡೆ ಮುಂಬಾಗಿಲು ಇರುವುದು ಪಾದ್ರಿಗೆ ಮತ್ತು ಹೆಣಕ್ಕೆ; ಮನುಷ್ಯರು ಹಿಂದಿನಿಂದ ಹೋಗುತ್ತಾರೆ. ಅದು ಮರೆತುಹೋಗಿದ್ದಕ್ಕೆ ಅವನಿಗೆ ಸ್ವಲ್ಪ ನಾಚಿಕೆಯಾಯಿತು. ಹಿಂದಕ್ಕೆ ಹೋದ.

ಹಿಂದಿನ ಜಗಲಿಯಲ್ಲಿ ಗಿಡ್ಡ ಮುದುಕಿಯೊಬ್ಬಳು ತೊಡೆಯ ಮೇಲೆ ಬೋಗುಣಿ ಇಟ್ಟುಕೊಂಡು ಪೇಸ್ಟಿಗೆ ಗೆಡ್ಡೆ ಹೆಚ್ಚುತ್ತಿದ್ದಳು. ಅವನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ಬಾಯಿ. ಮುಚ್ಚಿತ್ತು. ಮೂಗಿನಿಂದಲೇ ಆರಾಮವಾಗಿ ಉಸಿರಾಡುತ್ತಿದ್ದಳು. ಅವನ ಎದೆ ಹಗುರವಾಯಿತು.

"ಮಿಸೆಸ್ ಪೆನ್‌ಹಾಲ್! ಏಳಬೇಡಿ, ಏಳಬೇಡಿ. ಎಷ್ಟು ಚೆನ್ನಾಗಿ ಕಾಣ್ತಿದ್ದೀರಿ! ಆಗಸ್ಟಿನಲ್ಲಿ ನೋಡಿದ್ದಕ್ಕೂ ಈಗಿನದಕ್ಕೂ ಗುರುತೇ ಸಿಕ್ಕಲ್ಲ."

ಮುದುಕಿ ಚಾಕು ನಿಲ್ಲಿಸಿದಳು. "ಸಿಕ್ಕಲ್ಲ. ಅದು ನಿಜ."

"ಬಾಯಿ ಮುಚ್ಚಿಕೊಂಡು ಉಸಿರಾಡ್ತಿದ್ದೀರಿ, ಗಮನಿಸಿದ್ರಾ?"

"ಎಪ್ಪತ್ತೆರಡು ವರ್ಷದಿಂದ ಹಾಗೇ ಆಡ್ತಿದ್ದೀನಪ್ಪ. ಇಷ್ಟು ಹೊಗಳಿದೋರು ಯಾರೂ ಇರ್ಲಿಲ್ಲ." ಅವಳು ಅವನನ್ನು ತಲೆಯಿಂದ ಬೂಟಿನವರೆಗೆ ನೋಡಿದಳು. "ನೀನು ಯಾರು?"

"ಡಾಕ್ಟರ್ ಪ್ಯಾಸ್ಕೋ. ಅಡಿಲೇಡಿನಿಂದ. ಮೂಗಿನ..."

"ಓ. ಊದೋ ಡಾಕ್ಟ್ರು." ಮತ್ತೆ ಗೆಡ್ಡೆ ಹೆಚ್ಚತೊಡಗಿದಳು. "ನಾನು ಹೆಟ್ಟಿ. ನೋರೀನಳ ಗಂಡ ಕ್ಲೆಮ್, ಅವನ ಅಕ್ಕ. ನೀನು ಹುಡುಕ್ಕೊಂಡು ಬಂದೋಳು ಚಾಪೆಲ್ಲಿನ ಹಿಂದೆ ಇದ್ದಾಳೆ."

"ಹಾಡೋ ಅಭ್ಯಾಸಕ್ಕಾ? ಎಷ್ಟು ಹೊತ್ತಿಗೆ ಬರ್ತಾರೆ?"

ಹೆಟ್ಟಿಯ ಕೈ ಮತ್ತೆ ನಿಂತಿತು. ಅವನ ಮುಖದಲ್ಲಿ ಏನಾದರೂ ಕುಚೋದ್ಯ ಇದೆಯೇ ಎಂದು ಹುಡುಕಿದಳು. ಇರಲಿಲ್ಲ.

"ನಮ್ಮ ಪಾದ್ರಿ ಹೇಳೋದನ್ನ ನಂಬಿದ್ರೆ," ಎಂದಳು ಮೆಲ್ಲಗೆ, "ಲೋಕದ ಕೊನೇ ದಿನ, ಕಹಳೆ ಊದಿ ಸತ್ತೋರನ್ನ ಎಬ್ಬಿಸೋವಾಗ."

ತಗಡು ಬಿಸಿಲಿಗೆ ಚಟ್ಟೆಂದಿತು. ಪ್ಯಾಸ್ಕೋ ಕೈಯಲ್ಲಿದ್ದ ಪುಸ್ತಕ ನೋಡಿದ. ಜನವರಿ ಇಪ್ಪತ್ತೆರಡು, ಸಂಜೆ, ನಾನೂರ ನಲವತ್ತು.

"ಯಾವಾಗ?"

"ನವೆಂಬರ್ ಆರು. ಗುಡುಗಿನ ದಿನ."

*

ಅಡುಗೆಮನೆ ತಂಪಾಗಿತ್ತು. ಹೆಟ್ಟಿ ಅವನನ್ನು ಮೇಜಿನ ಎದುರು ಕೂರಿಸಿ, ಕೇಳದೆ ಚಹಾ ಕೊಟ್ಟಳು. ಮೇಜಿನ ಮೇಲೆ ಫೆಬ್ರವರಿಯ ಹೊಸ ಪುಸ್ತಕ, ಕೊಳವೆ, ಹರಿತ ಮಾಡಿದ ಸೀಸದಕಡ್ಡಿ, ಸಾಲಾಗಿ.

"ದಿನಾ ಎರಡು ಹೊತ್ತು ಊದ್ತಾನೆ," ಎಂದಳು. "ಮೊದಲು ನನಗೂ ಒಂಥರಾ ಆಯ್ತು. ಆಮೇಲೆ, ಕುಡಿಯೋದಕ್ಕಿಂತ ವಾಸಿ ಅಂತ ಸುಮ್ನಾದೆ."

"ನನಗೆ ಯಾರೂ ಹೇಳಲಿಲ್ಲ."

"ನೀನು ಕೇಳಿದ್ಯಾ?"

ಎದುರಿನ ಗೋಡೆಯಲ್ಲಿ ಚಾಪೆಲ್ಲಿನ ಹಾಡುಗಾರ್ತಿಯರ ಚಿತ್ರ ಇತ್ತು. ಮೂರು ಸಾಲು, ಇಪ್ಪತ್ತನಾಲ್ಕು ಹೆಂಗಸರು, ಎಲ್ಲರ ಬಾಯಿಯೂ ಒಂದೇ ಅಕ್ಷರಕ್ಕೆ ತೆರೆದಿತ್ತು. ಅವರಲ್ಲಿ ಒಬ್ಬಳು ನೋರೀನ್. ಪ್ಯಾಸ್ಕೋ ಒಂದೊಂದೇ ಮುಖದ ಮೇಲೆ ಕಣ್ಣು ನಿಲ್ಲಿಸಿದ. ಒಂದೂ ತಿರುಗಿ ಅವನನ್ನು ನೋಡಲಿಲ್ಲ. ಎಲ್ಲರೂ ಹಾಡಿಸುವವನ ಕಡೆ ನೋಡುತ್ತಿದ್ದರು.

ಅವಳು ಯಾರು ಎಂದು ಹೆಟ್ಟಿಯನ್ನು ಕೇಳಬೇಕೆನಿಸಿತು. ಕೇಳದೆ ಚಹಾ ಬಟ್ಟಲು ಕೈಗೆತ್ತಿಕೊಂಡ.

ಕ್ಲೆಮ್ ಒಳಗೆ ಬಂದ. ಎತ್ತರದ ಆಳು. ಟೋಪಿ ತೆಗೆದು ಗೂಟಕ್ಕೆ ಹಾಕಿ, ಕೈ ತೊಳೆದುಕೊಂಡು, ಅತಿಥಿ ಬರುವುದು ಗೊತ್ತಿದ್ದವನ ಹಾಗೆ ಕೂತ.

"ಕಾರು ಕಂಡಾಗಲೇ ಅಂದ್ಕೊಂಡೆ. ಡಾಕ್ಟ್ರು ಮೂರು ತಿಂಗಳು ತಗೊಂಡ್ರು."

"ಮಿಸ್ಟರ್ ಪೆನ್‌ಹಾಲ್, ನೀವು ನನಗೆ ಸುಳ್ಳು..."

"ಒಂದು ಸುಳ್ಳೂ ಹೇಳಿಲ್ಲ. ಫೋನಿಗೆ ಬರೋ ಹಾಗಿಲ್ಲ ಅಂದೆ. ಈಗ ತೊಂದ್ರೆ ಏನಿಲ್ಲ ಅಂದೆ. ಇನ್ನೇನು ಹೇಳ್ಬೇಕಿತ್ತು?"

"ತೀರಿಕೊಂಡರು ಅಂತ."

ಕ್ಲೆಮ್ ಆ ಮಾತನ್ನು ತೂಗಿ ನೋಡಿದ. "ಆ ಅಂಕಣ ಪುಸ್ತಕದಲ್ಲಿ ಇರ್ಲಿಲ್ಲ," ಎಂದ.

ಹೆಟ್ಟಿ ಬೋಗುಣಿ ತೆಗೆದುಕೊಂಡು ಹೊರಗೆ ಹೋದಳು.

"ನೀನೇ ಅಂದದ್ದು," ಕ್ಲೆಮ್ ಮುಂದುವರಿಸಿದ. ಯಾವಾಗ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ತಿಳಿಯಲಿಲ್ಲ. "ಆ ಕುರ್ಚಿಯಲ್ಲಿ ಅವಳನ್ನ ಕೂರಿಸ್ಕೊಂಡು ಅಂದೆ. ಒಂದು ಹೊತ್ತೂ ತಪ್ಪಿಸ್ಬೇಡಿ, ನಡುವೆ ಬಿಟ್ರೆ ಹಿಂದಿನದೆಲ್ಲ ದಂಡ, ಅಂತ. ನಾಲ್ಕು ದಿನ ಬಿಟ್ಟೆ. ಮಣ್ಣು ಮಾಡೋದಿತ್ತು. ಐದನೇ ದಿನ ಬೆಳಗ್ಗೆ ಏಳಾಯ್ತು. ಕೊಳವೆ ಇಲ್ಲೇ ಇತ್ತು. ಅವಳ ಮೂರು ತಿಂಗಳು ದಂಡ ಆಗೋದು ಬೇಡ ಅಂತ ಊದಿದೆ."

"ನಿಮ್ಮ ಉಸಿರು ಅದು."

"ಮತ್ತೆ ಇನ್ಯಾರದು? ಎಲ್ಲೋ ಯಾರೋ ನೋಡ್ತಾರೆ, ನೋಡಿದ ತಕ್ಷಣ ಫೋನ್ ಮಾಡ್ತಾರೆ, ಇದು ಹೆಂಗಸಿನ ಉಸಿರಲ್ಲ ಅಂತಾರೆ ಅಂತಿದ್ದೆ. ನವೆಂಬರ್ ಪುಸ್ತಕ ಕಳಿಸ್ದೆ. ಒಂದು ಕಾಗದ ಬಂತು. 'ಅತ್ಯುತ್ತಮ, ಹೀಗೆಯೇ ಮುಂದುವರಿಸಿ' ಅಂತ. ನಿನ್ನ ಸಹಿ."

ಪ್ಯಾಸ್ಕೋ ಚಹಾ ಬಟ್ಟಲನ್ನು ತಟ್ಟೆಯ ಸರಿ ನಡುವೆ ಇಟ್ಟ. ಬಟ್ಟಲು ಸದ್ದು ಮಾಡಬಾರದು ಎಂಬುದು ಯಾಕೋ ಬಹಳ ಮುಖ್ಯ ಅನಿಸಿತು.

"ಆವತ್ತು ಏನಾಯ್ತು?"

"ಬೆಳಗ್ಗೆ ಉತ್ತರದ ಬಿಸಿಗಾಳಿ. ರೈ ಹುಲ್ಲು ಹೂ ಬಿಟ್ಟಿತ್ತು, ಬೇಲಿ ಉದ್ದಕ್ಕೂ. ಊದಿದ್ಲು, ನೂರ ತೊಂಬತ್ತು. ಪುಸ್ತಕ ನೋಡ್ದೆ. 'ಇನ್ನೂರಕ್ಕಿಂತ ಕಡಿಮೆ ಬಂದರೆ ಕೆಂಪು ಅಂಕಣದಲ್ಲಿ ಬರೆಯಿರಿ' ಅಂತಿತ್ತು. ಬರೆದೆ. ಕೆಂಪು ಕಡ್ಡಿ ಹುಡುಕಿ ಬರೆದೆ. ಮಧ್ಯಾಹ್ನ ಮೂರಕ್ಕೆ ಗುಡುಗು ಶುರುವಾಯ್ತು. ಒಣಗಿದ ಬಟ್ಟೆ ತರೋಕೆ ಓಡಿದ್ಲು. ಹಗ್ಗದಿಂದ ನಾಲ್ಕು ಚಾದರ ತೆಗೆದ್ಲು, ಐದನೇದು ತೆಗೀಲಿಲ್ಲ."

ಹೊರಗೆ ಹೆಟ್ಟಿ ನಲ್ಲಿ ತಿರುಗಿಸಿದ್ದು ಕೇಳಿಸಿತು.

"ಅವಳು ಹೋದ ಮೇಲೆ ಒಂದು ದಿನ ಆ ಸೂಚನೆಯ ಹಾಳೆ ಮಗುಚಿದೆ," ಕ್ಲೆಮ್ ಅಂದ. "ಹಿಂದಿನ ಮಗ್ಗುಲಲ್ಲಿ ಇತ್ತು. 'ತಕ್ಷಣ ಆಸ್ಪತ್ರೆಗೆ ಹೋಗಿ. ಗುಡುಗಿನ ಹೊತ್ತಿನಲ್ಲಿ ಬಯಲಿಗೆ ಬರಬೇಡಿ.'"

ಆ ಹಾಳೆ ಪ್ಯಾಸ್ಕೋನೇ ಮಾಡಿದ್ದು. ಒಂದೇ ಮಗ್ಗುಲಲ್ಲಿ ಎಲ್ಲ ಹಿಡಿಸಿರಲಿಲ್ಲ. ಅಕ್ಷರ ಸಣ್ಣದು ಮಾಡೋಣವೇ ಎಂದು ಗ್ವೆಂಡಾ ಕೇಳಿದ್ದಳು. ಮುದುಕರು ಓದಬೇಕಲ್ಲ, ಬೇಡ, ಹಿಂದಕ್ಕೆ ಹಾಕು ಎಂದಿದ್ದ. ಗುಡುಗು ಬಂದಾಗ ಹುಲ್ಲಿನ ಪರಾಗ ಒಡೆದು ಹೇಗೆ ಎದೆಯ ಆಳಕ್ಕೆ ಇಳಿಯುತ್ತದೆ ಎಂಬುದರ ಮೇಲೆ ಅವನೇ ಏಳು ಲೇಖನ ಬರೆದಿದ್ದ.

"ನಿನಗೆ ಬಯ್ತಿಲ್ಲ," ಕ್ಲೆಮ್ ಅಂದ. "ಹಾಳೆ ಮಗುಚದಿದ್ದೋನು ನಾನು."

ಗಡಿಯಾರ ಐದು ಹೊಡೆಯಿತು. ಕ್ಲೆಮ್ ಎದ್ದು ನಿಂತ. ನೆಟ್ಟಗೆ ನಿಲ್ಲಬೇಕು ಎಂಬ ಸೂಚನೆ ಇತ್ತಲ್ಲ, ಹಾಗೆ ನಿಂತ. ಮುಳ್ಳನ್ನು ಸೊನ್ನೆಗೆ ತಳ್ಳಿ, ಎದೆ ತುಂಬ ಎಳೆದುಕೊಂಡು, ತುಟಿ ಬಿಗಿದು ಊದಿದ. ಸಣ್ಣ ಕೋಣೆಯಲ್ಲಿ ಆ ಸದ್ದು ಬಾಗಿಲು ಹಾಕಿಕೊಂಡಷ್ಟು ಜೋರಾಗಿತ್ತು. ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಹೊಸ ಪುಸ್ತಕದಲ್ಲಿ ಬರೆದ. ನಾನೂರ ನಲವತ್ತು.

ಪ್ಯಾಸ್ಕೋ ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು ಎಂದು ಹೊಳೆದದ್ದು ಅಂಕಿ ಬರೆದಾದ ಮೇಲೆ. ಮುಳ್ಳು ಎಲ್ಲಿ ನಿಲ್ಲುತ್ತದೆ ಎಂದು ಅವನೂ ಬಗ್ಗಿ ನೋಡುತ್ತಿದ್ದ.

"ಇನ್ನು ಇದು," ಎಂದು ಕ್ಲೆಮ್ ಒಳಕೋಣೆಗೆ ಹೋದ. ಬರುವಾಗ ಎರಡೂ ಕೈಯಲ್ಲಿ ಕೆಂಪು ಉಣ್ಣೆಯ ಕೋಟು. ಮಲಗಿದ ಮಗುವನ್ನು ತರುವ ಹಾಗೆ ತಂದು ಮೇಜಿನ ಮೇಲೆ ಇಳಿಸಿದ.

"ಇದರಲ್ಲೇ ನನಗೆ ಕಷ್ಟ ಬಂದಿರೋದು. ಮೊದಲು ಎಲ್ಲದರಲ್ಲೂ ಇತ್ತು. ಏಪ್ರನ್, ದಿಂಬು, ಬಾಚಣಿಗೆ. ಈಗ ಇದೊಂದೇ. ಇದರಲ್ಲೂ ಒಂದಿನ ಇರುತ್ತೆ, ಒಂದಿನ ಇರಲ್ಲ. ನನ್ನ ಮೂಗಿಗೇ ಅಭ್ಯಾಸ ಆಗಿ ಗೊತ್ತಾಗ್ತಿಲ್ವೋ, ಇಲ್ಲಾ ಅದೇ ಹೋಗಿಬಿಟ್ಟಿದೆಯೋ... ಹೆಟ್ಟಿಗೆ ಕೇಳಿದ್ರೆ ಇದೆ ಇದೆ ಅಂತಾಳೆ. ನನಗೆ ಸಮಾಧಾನ ಮಾಡೋಕೆ." ಅವನು ಕೊರಳುಪಟ್ಟಿಯನ್ನು ಬಿಡಿಸಿ ಪ್ಯಾಸ್ಕೋ ಕಡೆ ತಿರುಗಿಸಿದ. "ಯಾವ ಪ್ಯಾಸ್ಕೋ ನೀನು? ಗಣಿ ಪ್ಯಾಸ್ಕೋನಾ, ಬೇಕರಿ ಪ್ಯಾಸ್ಕೋನಾ?"

"ಬೇಕರಿ."

"ಹಾಗಾದ್ರೆ ಮನೆತನದಲ್ಲೇ ಮೂಗಿದೆ. ಮೇಲಾಗಿ ಮೂಗಿನ ಡಾಕ್ಟ್ರು. ನೋಡಿ ಹೇಳು ಮಗಾ. ಇದೆಯಾ?"

ಪ್ಯಾಸ್ಕೋ ಬಗ್ಗಿದ. ಉಣ್ಣೆ, ಧೂಳು, ಸ್ವಲ್ಪ ಕರ್ಪೂರದ ಗುಳಿಗೆ. ಅದರ ಹಿಂದೆ ಏನೋ ಇತ್ತೋ, ಇದೆ ಎಂದುಕೊಂಡಿದ್ದಕ್ಕೆ ಇದ್ದ ಹಾಗಾಯಿತೋ. ಇನ್ನೊಮ್ಮೆ ಎಳೆದುಕೊಂಡ. ಯಾವ ಹೆಂಗಸಿನ ವಾಸನೆ ಹುಡುಕುತ್ತಿದ್ದಾನೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ತಲೆ ಎತ್ತಿದಾಗ ಕ್ಲೆಮ್‌ನ ಕಣ್ಣು ತನ್ನ ಮುಖದ ಮೇಲೇ ಇತ್ತು. ಇಪ್ಪತ್ತು ವರ್ಷ ರೋಗಿಗಳು ಅವನನ್ನು ಹೀಗೆ ನೋಡಿದ್ದರು. ಅವನು ನಳಿಗೆಯೊಳಗೆ ನೋಡುತ್ತಿದ್ದುದರಿಂದ ಕಂಡಿರಲಿಲ್ಲ.

"ಇದೆ," ಎಂದ.

"ಏನು ವಾಸನೆ?"

"ಸಣ್ಣಗೆ... ಲ್ಯಾವೆಂಡರ್ ಹೂವಿನ ಹಾಗೆ."

ಕ್ಲೆಮ್ ಕೋಟಿನ ಒಂದು ತೋಳನ್ನು ಮಡಿಚಿದ. ಇನ್ನೊಂದನ್ನು ಅದರ ಮೇಲೆ ಮಡಿಚಿದ. ಬಹಳ ಹೊತ್ತು ತೆಗೆದುಕೊಂಡ.

"ಲ್ಯಾವೆಂಡರ್ ಕಂಡ್ರೆ ಆಗ್ತಿರ್ಲಿಲ್ಲ ಅವಳಿಗೆ," ಎಂದ. "ಮುಖ ಎಲ್ಲ ಊದ್ಕೊಳ್ತಿತ್ತು. ಮನೆ ಹತ್ರ ಒಂದು ಗಿಡ ಬಿಟ್ಟಿರ್ಲಿಲ್ಲ. ನೀನೇ ಬರ್ಕೊಂಡಿದ್ದೀಯ, ಮೊದಲನೇ ದಿನ. ಯಾವುದರಿಂದ ಅಲರ್ಜಿ ಅಂತ ಕೇಳಿ ಕೇಳಿ."

ಪ್ಯಾಸ್ಕೋ ಜನವರಿಯ ಪುಸ್ತಕವನ್ನು ಮೇಜಿನ ಮೇಲೆ ಇಟ್ಟ.

"ಹೋಗ್ಲಿ. ಇನ್ನೊಂದು ಕೇಳ್ತೀನಿ, ಇದಾದ್ರೂ ಸರಿಯಾಗಿ ಹೇಳು. ಅವಳಿಗೆ ಕೊಟ್ಟದ್ದು ಔಷಧವೋ, ಬರೀ ಉಪ್ಪುನೀರೋ?"

"ನನಗೆ ಗೊತ್ತಿಲ್ಲ."

"ಮತ್ತೆ ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಲಕೋಟೆಯಲ್ಲಿದೆ. ಹಾಗಿದ್ರೇನೇ ಪರೀಕ್ಷೆ."

"ಅವಳಿಗೆ ಇಷ್ಟ ಇರ್ಲಿಲ್ಲ, ಬರೋಕೆ. ಹಳೇ ಔಷಧಿಯಲ್ಲೇ ಹೇಗೋ ನಡೀತಿತ್ತು. ನಾನೇ ಎಳ್ಕೊಂಡು ಬಂದೆ. ವಾಸನೆ ಬರುತ್ತೆ ಅಂತೆ ಬಾರೇ, ನಿನ್ನ ಕೇಸರಿ ಬನ್ನು ನೀನೇ ಮೂಸ್ಬಹುದು ಅಂತ." ಅವನು ನಕ್ಕ ಹಾಗೆ ಮಾಡಿದ. "ಉಪ್ಪುನೀರಿಗೆ ಕರ್ಕೊಂಡು ಬಂದ್ನಾ ಅಂತ ತಿಳೀಬೇಕು. ಅಷ್ಟೇ. ಒಡೆಯೋಕಾಗಲ್ವಾ, ಆ ಲಕೋಟೆ?"

"ಆಗುತ್ತೆ. ರೋಗಿ ತೀರಿಕೊಂಡರೆ ಒಡೀಬಹುದು."

ಕ್ಲೆಮ್ ಫೆಬ್ರವರಿಯ ಪುಸ್ತಕದ ಮೇಲೆ ಅಂಗೈ ಇಟ್ಟ. "ಇದರ ಪ್ರಕಾರ ತೀರಿಲ್ವಲ್ಲ," ಎಂದ.

"ಇಲ್ಲ."

"ತೀರಿಕೊಂಡ್ಲು ಅಂತ ಬರೆದ್ರೆ ಲಕೋಟೆ ಒಡೀತೀರಿ. ಇದನ್ನ ವಾಪಸ್ ತಗ್ತೀರಿ. ನಾಳೆ ಬೆಳಗ್ಗೆ ಏಳಕ್ಕೆ ಎದ್ದು ನಾನು ಏನು ಮಾಡೋದು ಅಂತ ನಿನಗೆ ಗೊತ್ತಿಲ್ಲ. ನಿನಗೂ ಏನೋ ನಷ್ಟ ಇದೆ, ಮುಖದ ಮೇಲೇ ಬರೆದಿದೆ."

"ಸೋಮವಾರ ಒಂದು ಸಭೆ ಇದೆ."

"ಹ್ಞೂಂ. ಯಾರಿಗಾದ್ರೂ ಒಂದು ಸಭೆ ಇದ್ದೇ ಇರುತ್ತೆ." ಅವನು ಜನವರಿಯ ಪುಸ್ತಕವನ್ನು ಪ್ಯಾಸ್ಕೋ ಕಡೆ ಸರಿಸಿದ. "ನಾನು ಹೇಳಲ್ಲ. ಮೂರು ತಿಂಗಳು ನಾನು ಹೊತ್ತೆ. ಈಗ ನೋಡಿದ್ದೀಯಲ್ಲ, ನೀನೇ ಹೇಳು. ಇದ್ದಾಳೋ, ಇಲ್ವೋ?"

ಹೊರಗೆ ಹೆಟ್ಟಿ, ಪೇಸ್ಟಿ ಹಿತ್ತಿಲ ಒಲೆಯಲ್ಲಿದೆ, ತಿಂದೇ ಹೋಗಬೇಕು ಎಂದು ಕೂಗಿದಳು. ಪ್ಯಾಸ್ಕೋ ಪುಸ್ತಕ ತೆಗೆದುಕೊಂಡು ಎದ್ದ. ಹೋಗಿಬರುತ್ತೇನೆ ಎಂದನೋ, ಬರುತ್ತೇನೆ ಎಂದನೋ, ಏನೂ ಅನ್ನಲಿಲ್ಲವೋ, ಆಮೇಲೆ ಅವನಿಗೆ ನೆನಪಾಗಲಿಲ್ಲ.

*

ಡಾಂಬರು ರಸ್ತೆ ಸಿಕ್ಕಿದ ಮೇಲೆ ಫೋನ್ ಬಡಿದುಕೊಂಡಿತು. ಅವನು ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಇಂಜಿನ್ ಆರಿಸಿದ ಮೇಲೆ ಗಾಳಿ ಎಷ್ಟು ಎದ್ದಿದೆ ಎಂಬುದು ತಿಳಿಯಿತು. ಕಡಲಿನ ಕಡೆಯಿಂದ, ಬಿಟ್ಟು ಬಿಟ್ಟು ಬೀಸುತ್ತಿತ್ತು.

"ಡಾಕ್ಟ್ರೇ, ಐದೂ ಐವತ್ತು," ಗ್ವೆಂಡಾ ಅಂದಳು. "ಉಳಿದದ್ದೆಲ್ಲ ಮುಗೀತು, ನಲವತ್ತೊಂದು ಒಂದೇ. ಮನೆಗೆ ಹೋಗಿ ಬಂದದ್ದಕ್ಕೆ ಒಂದು ಹಾಳೆ ತುಂಬಿಸ್ಬೇಕಲ್ಲ, ಓದ್ತೀನಿ, ಹೇಳಿ. ರೋಗಿಯ ಮನೆಗೆ ಹೋದದ್ದು, ಹೌದು. ಪುಸ್ತಕ ಸರಿಯಾಗಿ ತುಂಬಿದೆಯೇ?"

"ಒಂದು ಹೊತ್ತೂ ತಪ್ಪಿಲ್ಲ."

"ಬಂಗಾರದಂಥ ಜನ. ರೋಗಿಯನ್ನು ಕಣ್ಣಾರೆ ನೋಡಿದಿರಾ?"

ರಸ್ತೆಯ ಆಚೆ ಊರಿನವರ ಬಾರ್ಲಿಯೆಲ್ಲ ರಾಶಿ ಹಾಕಿತ್ತು. ಗೋದಾಮಿನಲ್ಲಿ ಹಿಡಿಸದ ಬೆಳೆಯನ್ನು ಬಯಲಿನಲ್ಲೇ ಗುಡ್ಡದಂತೆ ಸುರಿದು, ಮುನ್ನೂರು ಹೆಜ್ಜೆ ಉದ್ದದ ಒಂದೇ ಬಿಳಿ ಟಾರ್ಪಾಲು ಹೊದಿಸಿ, ಅಂಚಿಗೆಲ್ಲ ಹಳೆಯ ಟೈರು ಹೇರಿದ್ದರು. ಎಲ್ಲೋ ಒಂದು ಕಡೆ ಟೈರು ಸರಿದಿರಬೇಕು. ಗಾಳಿ ಒಳಗೆ ಹೊಕ್ಕಿತ್ತು. ಆ ಬಿಳಿಯೆಲ್ಲ ನಿಧಾನವಾಗಿ ಉಬ್ಬಿತು. ಉಬ್ಬಿ, ತುಸು ನಿಂತು, ಹಾಗೇ ಇಳಿಯಿತು. ಮತ್ತೆ ಉಬ್ಬಿತು. ಸುತ್ತ ಒಂದು ನರಪಿಳ್ಳೆ ಇರಲಿಲ್ಲ. ಮೊಳೆಯಲಾರದೆ ಒಣಗಿದ ಕಾಳಿನ ಮೇಲೆ ಅದು ತನ್ನಷ್ಟಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು.

ಪ್ಯಾಸ್ಕೋ ನೋಡುತ್ತ ಕೂತ. ಅವನ ಎಡಗೈ ತಾನಾಗಿ ಮಗುಚಿ, ಗಡಿಯಾರದ ಸೆಕೆಂಡಿನ ಮುಳ್ಳು ಕಣ್ಣಿಗೆ ಬೀಳುವ ಹಾಗೆ ನಿಂತಿತು.

"ಹಲೋ? ನೋಡಿದ್ರಾ ಅಂತ ಕೇಳ್ದೆ."

ಒಂದು. ಎರಡು. ಏಳುವುದಕ್ಕಿಂತ ಇಳಿಯುವುದು ಸ್ವಲ್ಪ ಉದ್ದ. ಮೂರು. ಅಸ್ತಮಾದ ಸಿಳ್ಳಿನ ಸದ್ದಿಲ್ಲ. ನಾಲ್ಕು.

"ಡಾಕ್ಟ್ರೇ, ಗಾಳಿ ಸದ್ದು ಬಿಟ್ರೆ ಏನೂ ಕೇಳಿಸ್ತಿಲ್ಲ. ಸರಿ, ನೋಡಿದ್ದೀರಿ ಅಂತ ಗುರುತು ಹಾಕ್ತೀನಿ, ನೋಡದೆ ಅಷ್ಟು ದೂರ ಯಾಕೆ ಹೋಗ್ತೀರಿ. ಕೊನೇದು ಒಂದಿದೆ. ಉಸಿರು, ನಿಮಿಷಕ್ಕೆ ಎಷ್ಟು?"

ಅವನು ತಡೆಯುವಂತೆ ಕೈ ಎತ್ತಿದ. ಕೈ ಯಾರಿಗೂ ಕಾಣಲಿಲ್ಲ. ಮುಳ್ಳು ಸುತ್ತು ಮುಗಿಸುವವರೆಗೆ ಗ್ವೆಂಡಾ ಆ ಕಡೆ ಕಾದಳು.

"ಹದಿನಾರು," ಎಂದ.

"ಹದಿನಾರು," ಎಂದಳು ಗ್ವೆಂಡಾ. ಕಾಗದದ ಮೇಲೆ ಪೆನ್ನು ಓಡಿದ ಸದ್ದು ಕೇಳಿಸಿತು.

ಬಿಳಿ ಹೊದಿಕೆ ಮತ್ತೆ ಮೇಲೆದ್ದಿತು. ಈ ಸಲ ಅದು ಇಳಿಯಲು ಅವನು ಕಾಯುತ್ತ ಕೂತ.